ಚಾಲಕನಿಲ್ಲದ ಗಾಡಿಗೆ ದಾರಿ ಬಿಡುವವರು ಯಾರು?

ಚಾಲಕನಿಲ್ಲದೆ ಓಡುವ ವಾಹನವೆಂದರೆ ದೋಹಾದಲ್ಲಿ ಬೆಳೆಯುತ್ತಿರುವ ನಮ್ಮ ಮಕ್ಕಳಿಗೆ ಈಗ ಸೋಜಿಗವೇನೂ ಅಲ್ಲ. 2019ರ ಮೇ 8ರಂದು ಮೆಟ್ರೋದ ರೆಡ್ ಲೈನ್ ಆರಂಭವಾಯಿತು. ಅಂದಿನಿಂದ ಚಾಲಕನಿಲ್ಲದ ರೈಲಿನಲ್ಲೇ ಅವರು ಊರೆಲ್ಲ ಸುತ್ತಿ ಬರುತ್ತಿದ್ದಾರೆ. ಆದರೆ ರೈಲಿಗೆ ಹಳಿಯಿದೆ. ಎದುರಿನಿಂದ ಬರುವವರಿಲ್ಲ, ಅಡ್ಡ ಹಾಯುವವರಿಲ್ಲ. ನಾವಿಲ್ಲಿ ಹೇಳಹೊರಟಿರುವುದು ಹಳಿಯಿಲ್ಲದ ಗಾಡಿಗಳ ವಿಷಯ: ಗೋದಾಮುಗಳೊಳಗೆ ಸರಕು ಹೊತ್ತು ತಾವಾಗಿಯೇ ಓಡಾಡುವ, ಎಜಿವಿ ಎಂಬ ಮೂರಕ್ಷರದ ಹೆಸರಿನ ಗಾಡಿಗಳು.

ಇದರಿಂದ ನಮಗೇನು ಎಂದು ಪೋಷಕರು ಕೇಳಬಹುದು. ಕತಾರಿನ ಕನ್ನಡ, ತುಳು, ಬ್ಯಾರಿ, ಕೊಂಕಣಿ ಮನೆಗಳಲ್ಲಿ ಇಂಡಸ್ಟ್ರಿಯಲ್ ಏರಿಯಾದ ಋಣ ಇಲ್ಲದ ಮನೆಗಳು ಕಡಿಮೆ. ಅಪ್ಪನೋ, ಚಿಕ್ಕಪ್ಪನೋ, ಊರಿನವರೊಬ್ಬರೋ ಅಲ್ಲಿನ ಯಾವುದೋ ನಂಬರಿನ ಬೀದಿಯಲ್ಲಿ ಸ್ಟೋರ್‌ಕೀಪರ್ ಆಗಿ, ಫೋರ್ಕ್‌ಲಿಫ್ಟ್ ಆಪರೇಟರ್ ಆಗಿ, ಲೆಕ್ಕ ಬರೆಯುವವರಾಗಿ ದುಡಿದಿದ್ದಾರೆ. 52ನೇ ಬೀದಿಯಲ್ಲಿರುವ ಜಿಡಬ್ಲ್ಯೂಸಿ ಸಂಸ್ಥೆಯ ಲಾಜಿಸ್ಟಿಕ್ಸ್ ವಿಲೇಜ್ ಒಂದೇ ಹತ್ತು ಲಕ್ಷ ಚದರ ಮೀಟರ್ ವಿಸ್ತಾರದ್ದು. ನಾವು ತಿನ್ನುವ ಅಕ್ಕಿ, ಓದುವ ಪುಸ್ತಕ, ಮನೆಯ ಏಸಿ ಎಲ್ಲವೂ ಇಂಥ ಯಾವುದಾದರೊಂದು ಗೋದಾಮಿನ ರ‍್ಯಾಕ್ ಏರಿ ಇಳಿದೇ ಬರುತ್ತವೆ. ಅಲ್ಲಿ ಗಾಡಿಯ ಸೀಟು ಖಾಲಿಯಾದರೆ ಅದು ನಮ್ಮ ಮನೆಯ ಮಾತೇ ಆಗುತ್ತದೆ.

ಈ ಗಾಡಿಗಳು ಹೊಸವೆಂದು ಭಾವಿಸಬೇಕಾಗಿಲ್ಲ. ಅಮೆರಿಕದ ಬ್ಯಾರೆಟ್ ಎಲೆಕ್ಟ್ರಾನಿಕ್ಸ್ ಕಂಪನಿ 1950ರ ದಶಕದಲ್ಲೇ ತಂತಿಯ ಜಾಡು ಹಿಡಿದು ಹೋಗುವ ಗಾಡಿಯನ್ನು ತಯಾರಿಸಿತ್ತು. ತಂತಿ ಹೋದಲ್ಲಿ ಗಾಡಿ ಹೋಗುತ್ತಿತ್ತು, ಅಷ್ಟೇ. ದಾರಿ ಬದಲಿಸಬೇಕಾದರೆ ತಂತಿಯನ್ನೇ ಕಿತ್ತು ಬೇರೆ ಕಡೆ ಹಾಕಬೇಕಿತ್ತು. ಆಮೇಲೆ ನೆಲಕ್ಕಂಟಿಸುವ ಮ್ಯಾಗ್ನೆಟಿಕ್ ಟೇಪು ಬಂತು, ಲೇಸರ್ ಬಂತು, ನೆಲದ ಮೇಲಿನ ಚೌಕಾಕಾರದ ಕೋಡ್ ಓದುವ ಕ್ಯಾಮೆರಾ ಬಂತು. ರ‍್ಯಾಕನ್ನೇ ಹೊತ್ತು ಕೆಲಸಗಾರನ ಬಳಿಗೆ ತರುವ ಕಿತ್ತಳೆ ಬಣ್ಣದ ರೋಬೋಗಳ ಕಿವಾ ಸಿಸ್ಟಮ್ಸ್ ಕಂಪನಿಯನ್ನು 2012ರಲ್ಲಿ ಅಮೆಜಾನ್ 77.5 ಕೋಟಿ ಡಾಲರಿಗೆ ಕೊಂಡಿತು. ನಮ್ಮ ಬೆಂಗಳೂರಿನಲ್ಲಿಯೂ 2019ರಲ್ಲಿ ಫ್ಲಿಪ್‌ಕಾರ್ಟ್ ತನ್ನ ಪಾರ್ಸೆಲ್ ವಿಂಗಡಣೆಗೆ ನೂರಕ್ಕೂ ಹೆಚ್ಚು ಪುಟ್ಟ ಗಾಡಿಗಳನ್ನು ಇಳಿಸಿತು.

ಗಾಡಿಯನ್ನು ಓಡಿಸುವುದು ಈಗ ಕಷ್ಟದ ಕೆಲಸವಲ್ಲ. ಎರಡೂರುಗಳ ನಡುವಿನ ಅತಿ ಹತ್ತಿರದ ದಾರಿ ಕಂಡುಹಿಡಿಯುವ ಲೆಕ್ಕವನ್ನು ಡೈಕ್‌ಸ್ಟ್ರಾ ಎಂಬ ಡಚ್ ವಿಜ್ಞಾನಿ 1956ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಒಂದು ಕೆಫೆಯಲ್ಲಿ ಕಾಫಿ ಕುಡಿಯುತ್ತಾ ಇಪ್ಪತ್ತು ನಿಮಿಷದಲ್ಲಿ ಯೋಚಿಸಿಬಿಟ್ಟರಂತೆ, ಕಾಗದ ಪೆನ್ಸಿಲ್ ಕೂಡ ಇಲ್ಲದೆ. ಕಷ್ಟ ಶುರುವಾಗುವುದು ಎರಡನೆಯ ಗಾಡಿ ಬಂದಾಗ. ಕಿರುಸೇತುವೆಯ ಮೇಲೆ ಎದುರುಬದುರಾದ ಎರಡು ಮೇಕೆಗಳ ಕಥೆ ನಮ್ಮ ಮಕ್ಕಳಿಗೆ ಗೊತ್ತು. ಗೋದಾಮಿನ ಓಣಿಯಲ್ಲಿ ಎರಡು ಗಾಡಿಗಳು ಹಾಗೆಯೇ ಮುಖಾಮುಖಿಯಾದರೆ? ಮುಂದೆ ಅಡ್ಡವಿದೆ ಎಂದು ಇದೂ ನಿಲ್ಲುತ್ತದೆ, ಅದೂ ನಿಲ್ಲುತ್ತದೆ. ಹಿಂದಿನಿಂದ ಮೂರನೆಯದು ಬಂದು ನಿಲ್ಲುತ್ತದೆ. ಯಾವುದೂ ಕೆಟ್ಟಿರುವುದಿಲ್ಲ, ಆದರೆ ಇಡೀ ಗೋದಾಮು ನಿಂತಿರುತ್ತದೆ. ಇದನ್ನು ತಪ್ಪಿಸಲು ಹಳೆಯ ಪದ್ಧತಿಯಲ್ಲಿ ನೆಲವನ್ನು ತುಂಡು ತುಂಡು ಮಾಡಿ, ಒಂದು ತುಂಡಿನಲ್ಲಿ ಒಂದೇ ಗಾಡಿ ಇರಬೇಕೆಂದು ಕಟ್ಟುಮಾಡುತ್ತಿದ್ದರು. ಸುರಕ್ಷಿತವೇನೋ ಹೌದು, ಆದರೆ ನಿಧಾನ. ಈಗಿನ ನಿಯಂತ್ರಣ ಕ್ಷಣಕ್ಷಣಕ್ಕೂ ಲೆಕ್ಕ ಹಾಕುತ್ತದೆ: ಯಾರಲ್ಲಿ ಕರಗುವ ಸರಕಿದೆ, ಯಾರ ಬ್ಯಾಟರಿ ಇಳಿದಿದೆ, ಯಾರು ಒಂದು ಹೆಜ್ಜೆ ಹಿಂದೆ ಸರಿದರೆ ನಾಲ್ವರು ಮುಂದೆ ಹೋಗಬಹುದು. ಅಗತ್ಯ ಬಿದ್ದರೆ ಒಂದು ಗಾಡಿಯ ಕೆಲಸವನ್ನು ಇನ್ನೊಂದಕ್ಕೆ ವಹಿಸುತ್ತದೆ. ಹೊಂದಿಕೊಳ್ಳುವ ನಿಯಂತ್ರಣ ಎನ್ನುವುದು ಇದನ್ನೇ.

ಆದರೆ ಯಾವುದಕ್ಕೆ ಹೊಂದಿಕೊಳ್ಳಬೇಕು? ಇಲ್ಲಿ ಕತಾರಿನ ಅನುಭವ ದೊಡ್ಡದು. 2017ರ ಜೂನ್ 5ರಂದು ನೆರೆಯ ದೇಶಗಳು ಸಂಬಂಧ ಕಡಿದುಕೊಂಡು ಗಡಿ ಮುಚ್ಚಿದವು. ಅಬು ಸಮ್ರಾ ಗಡಿಯಲ್ಲಿ ಲಾರಿಗಳು ನಿಂತವು. ಜೆಬೆಲ್ ಅಲಿ ಬಂದರಿನಿಂದ ಬರುತ್ತಿದ್ದ ಕಂಟೇನರುಗಳು ಒಮಾನಿನ ಸೊಹಾರ್, ಸಲಾಲಾ ಬಂದರುಗಳ ಮೂಲಕ ಹಮದ್ ಬಂದರಿಗೆ ತಿರುಗಿದವು. ಟರ್ಕಿಯಿಂದ ಹಾಲು ಮೊಸರು ವಿಮಾನದಲ್ಲಿ ಬಂದಿಳಿಯಿತು. (ಜುಲೈಯಲ್ಲಿ ಹಸುಗಳೇ ವಿಮಾನವೇರಿ ಬಂದದ್ದನ್ನು ಮರೆಯುವವರುಂಟೇ!) ಬರುವ ಸರಕು ಬೇರೆ, ಬರುವ ಹೊತ್ತು ಬೇರೆ, ಪೆಟ್ಟಿಗೆಯ ಮೇಲಿನ ಭಾಷೆಯೂ ಬೇರೆ. 2020ರ ಮಾರ್ಚ್ 17ರಂದು ಕೋವಿಡ್ ಕಾರಣದಿಂದ ಇಂಡಸ್ಟ್ರಿಯಲ್ ಏರಿಯಾದ 1ರಿಂದ 32ನೇ ಬೀದಿಯವರೆಗಿನ ಭಾಗವನ್ನೇ ಮುಚ್ಚಿದಾಗ ಮತ್ತೊಮ್ಮೆ ಎಲ್ಲವೂ ತಲೆಕೆಳಗಾಯಿತು. ಆದರೂ ಅಂಗಡಿಯ ಕಪಾಟುಗಳು ಬರಿದಾಗಿ ಉಳಿಯಲಿಲ್ಲ. ಯಾವ ರ‍್ಯಾಕ್ ಖಾಲಿ ಮಾಡಬೇಕು, ಯಾವ ಬಾಗಿಲಿನಲ್ಲಿ ಮೊದಲು ಇಳಿಸಬೇಕು ಎಂದು ನಿಂತ ಜಾಗದಲ್ಲೇ ತೀರ್ಮಾನಿಸಿದವರು ಗೋದಾಮಿನ ನೆಲ ಬಲ್ಲ ಜನ.

ಆದ್ದರಿಂದ ನಮ್ಮ ಅಭಿಪ್ರಾಯ ಇದು. ಚಾಲಕನಿಲ್ಲದ ಗಾಡಿ ಬರಲಿ. ಹೊರಗೆ 45 ಡಿಗ್ರಿ ಬಿಸಿಲು, ಒಳಗೆ ಮೈನಸ್ 18 ಡಿಗ್ರಿಯ ಕೋಲ್ಡ್ ಸ್ಟೋರು. ಅವೆರಡರ ನಡುವೆ ದಿನವಿಡೀ ಓಡಾಡುವ ಕೆಲಸವನ್ನು ಯಂತ್ರ ವಹಿಸಿಕೊಂಡರೆ ಯಾರಿಗೂ ದುಃಖವಿಲ್ಲ. ಆದರೆ ಆ ಗಾಡಿಗಳಿಗೆ ನಿಯಮ ಬರೆಯುವಾಗ ಇಷ್ಟು ವರ್ಷ ಫೋರ್ಕ್‌ಲಿಫ್ಟ್ ಓಡಿಸಿದವನನ್ನು ಪಕ್ಕದಲ್ಲಿ ಕೂರಿಸಿಕೊಳ್ಳಬೇಕು. ಯಾವ ತಿರುವಿನಲ್ಲಿ ನೆಲ ಜಾರುತ್ತದೆ, ರಂಜಾನ್ ತಿಂಗಳಲ್ಲಿ ಯಾವ ಹೊತ್ತಿಗೆ ಲಾರಿಗಳು ಮುತ್ತುತ್ತವೆ ಎಂಬುದು ಅವನಿಗೆ ಗೊತ್ತು, ಸಾಫ್ಟ್‌ವೇರ್ ಮಾರಿದವನಿಗೆ ಗೊತ್ತಿಲ್ಲ. ಒಂದು ಓಣಿ ಮುಚ್ಚಿತೆಂದು ದೂರದ ದೇಶದ ಕಂಪನಿಗೆ ಮೇಲ್ ಬರೆದು ಉತ್ತರಕ್ಕೆ ಕಾಯುವ ಪರಿಸ್ಥಿತಿ ಇದ್ದರೆ ಅದು ಹೊಂದಿಕೊಳ್ಳುವ ನಿಯಂತ್ರಣವಲ್ಲ, ಹಳೆಯ ತಂತಿಯೇ. ಬೇರೆ ಬೇರೆ ಕಂಪನಿಗಳ ಗಾಡಿಗಳು ಒಂದೇ ಮಾತು ಕೇಳಲೆಂದು ಜರ್ಮನಿಯ ವಾಹನೋದ್ಯಮ ಸಂಘ ವಿಡಿಎ 5050 ಎಂಬ ಮಾನದಂಡವನ್ನು ರೂಪಿಸಿದೆ. ಕೊಳ್ಳುವವರು ಕನಿಷ್ಠ ಅದನ್ನಾದರೂ ಕೇಳಲಿ.

ಸೀಟುಗಳು ಕಡಿಮೆಯಾಗುವುದಂತೂ ಖಂಡಿತ. ಫೋರ್ಕ್‌ಲಿಫ್ಟ್ ಲೈಸೆನ್ಸ್ ಒಂದಿದ್ದರೆ ಗಲ್ಫಿನಲ್ಲಿ ಹೊಟ್ಟೆಪಾಡಿಗೆ ಮೋಸವಿಲ್ಲ ಎಂದು ಊರಿನ ಹುಡುಗರಿಗೆ ಹೇಳುವಾಗ ಇನ್ನು ಸ್ವಲ್ಪ ಯೋಚಿಸಬೇಕು. ಲೈಸೆನ್ಸಿನ ಜೊತೆಗೆ ಆ ಪರದೆಯ ಮೇಲಿನ ನಕ್ಷೆ ಓದುವುದನ್ನೂ ಗಾಡಿಗಳ ಸರದಿ ಬದಲಿಸುವುದನ್ನೂ ಕಲಿತವನಿಗೆ ಕೆಲಸವಿರುತ್ತದೆ. ಆ ತರಬೇತಿಯ ಖರ್ಚನ್ನು ಗಾಡಿ ಕೊಳ್ಳುವ ಮಾಲೀಕರೇ ಭರಿಸುವುದು ನ್ಯಾಯ. ಊರಿನಲ್ಲಿ ಸಾಲ ಮಾಡಿ ಬಂದ ಹುಡುಗನಲ್ಲ.

ಇನ್ನು ನಮ್ಮ ಶಾಲೆಯ ಮಾತು. ವಿಜ್ಞಾನ ಪ್ರದರ್ಶನವೆಂದರೆ ಬಿಳಿ ಹಾಳೆಯ ಮೇಲಿನ ಕಪ್ಪು ಟೇಪನ್ನು ಹಿಂಬಾಲಿಸುವ ಪುಟ್ಟ ರೋಬೋ ಇರಲೇಬೇಕು. ಚಪ್ಪಾಳೆಯೂ ಸಿಗುತ್ತದೆ. ಅದು ಬ್ಯಾರೆಟ್ಟರ ಕಾಲದ ಗಾಡಿಯೇ ಎಂದು ಮಕ್ಕಳಿಗೆ ಯಾರೂ ಹೇಳುವುದಿಲ್ಲ. ಮುಂದಿನ ಪ್ರದರ್ಶನದಲ್ಲಿ ಟೇಪು ಬೇಡ. ಒಂದು ಮೇಜು, ನಡುವೆ ಒಂದೇ ಗಾಡಿ ಹಿಡಿಸುವ ಓಣಿ, ಎರಡೂ ತುದಿಯಿಂದ ಹೊರಡುವ ಮೂರು ರೋಬೋಗಳು. ಆಟದ ನಡುವೆ ತೀರ್ಪುಗಾರರು ಒಂದನ್ನು ಎತ್ತಿಡಲಿ, ಇಲ್ಲವೇ ದಾರಿಗೆ ಅಡ್ಡಲಾಗಿ ಒಂದು ಪುಸ್ತಕ ಇಡಲಿ. ತೀರ್ಪುಗಾರರ ಪೈಕಿ ಒಬ್ಬರು ಇಂಡಸ್ಟ್ರಿಯಲ್ ಏರಿಯಾದಲ್ಲಿ ಫೋರ್ಕ್‌ಲಿಫ್ಟ್ ಓಡಿಸುವ ಪೋಷಕರಾಗಿರಲಿ ಎಂದು ಶಾಲೆಯನ್ನು ಕೇಳಿಕೊಳ್ಳುತ್ತೇವೆ. ಶುಕ್ರವಾರ ಇಟ್ಟರೆ ಅವರಿಗೆ ರಜೆಯೂ ಇರುತ್ತದೆ.