ಯಾರದೋ ಯುದ್ಧಕ್ಕೆ ನಮ್ಮ ಹೊಲಿಗೆ

ಬಳ್ಳಾರಿಯ ಜೀನ್ಸ್ ಉದ್ಯಮದ ಬಗ್ಗೆ ಪತ್ರಿಕೆಗಳು ಬರೆಯುವಾಗಲೆಲ್ಲ ಒಂದು ಮಾತು ತಪ್ಪದೆ ಬರುತ್ತದೆ. ಮೊದಲ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷ್ ಸೈನ್ಯದ ಸಮವಸ್ತ್ರ ಹೊಲಿಯಲು ಮಹಾರಾಷ್ಟ್ರದ ಕಡೆಯಿಂದ ದರ್ಜಿಗಳು ಬಂದು ಇಲ್ಲಿ ನೆಲೆಸಿದರು, ಯುದ್ಧ ಮುಗಿದ ಮೇಲೆ ಶಾಲಾ ಮಕ್ಕಳ ಸಮವಸ್ತ್ರ ಹೊಲಿದರು, ಕೊನೆಗೆ ಜೀನ್ಸಿಗೆ ಬಂದರು ಎಂದು. ಅಷ್ಟು ಹೇಳಿ ಲೇಖನ ಮುಂದೆ ಹೋಗುತ್ತದೆ. ಅಂಥ ಸಮವಸ್ತ್ರ ತೊಟ್ಟವರನ್ನು ಎಲ್ಲಿಗೆ ಕಳಿಸಿದರು, ಯಾರ ಮೇಲೆ ಕಳಿಸಿದರು, ಎಷ್ಟು ಮಂದಿ ಮರಳಿದರು ಎಂದು ಯಾರೂ ಕೇಳುವುದಿಲ್ಲ.

ನಾವು ಕೇಳುವುದಕ್ಕೆ ಕಾರಣವಿದೆ. ಈಚಿನ ವರ್ಷಗಳಲ್ಲಿ ಸೆಪ್ಟೆಂಬರ್ 23 ಬಂತೆಂದರೆ ಹೈಫಾ ವಿಜಯದ ಭಾಷಣಗಳು ಶುರುವಾಗುತ್ತವೆ. 1918ರ ಆ ದಿನ ಜೋಧಪುರ ಮತ್ತು ಮೈಸೂರಿನ ಅಶ್ವದಳಗಳು ತುರ್ಕರ ಕೈಯಿಂದ ಹೈಫಾವನ್ನು ಗೆದ್ದದ್ದು ನಿಜ. ಆ ಸವಾರರ ಧೈರ್ಯವನ್ನು ನಾವು ಅಲ್ಲಗಳೆಯುವುದಿಲ್ಲ. 2017ರಲ್ಲಿ ಪ್ರಧಾನಿ ಅಲ್ಲಿನ ಸಮಾಧಿಗಳಿಗೆ ಗೌರವ ಸಲ್ಲಿಸಿದರು, 2018ರಲ್ಲಿ ದೆಹಲಿಯ ತೀನ್ ಮೂರ್ತಿ ಚೌಕಕ್ಕೆ ಹೈಫಾದ ಹೆಸರು ಸೇರಿತು. ಆದರೆ ಈ ಕಥೆಯನ್ನು ಭಾರತೀಯರು ಮುಸ್ಲಿಮರನ್ನು ಸೋಲಿಸಿದ ಕಥೆಯೆಂದು ಹೇಳುವವರಿದ್ದಾರಲ್ಲ, ನಮ್ಮ ತಕರಾರು ಅವರೊಡನೆ. ಮೈಸೂರಿನ ಆ ದಳದಲ್ಲಿ ಮುಸ್ಲಿಂ ಸವಾರರೂ ಇದ್ದರು. ಅದನ್ನು ಹಡಗು ಹತ್ತಿಸಿದ್ದು ಭಾರತದ ಹಿತವಲ್ಲ, ಸಾಮ್ರಾಜ್ಯದ ಹಿತ. ಯುದ್ಧದ ಖರ್ಚಿಗೆ ಮೈಸೂರು ಸಂಸ್ಥಾನ 50 ಲಕ್ಷ ರೂಪಾಯಿಯನ್ನೂ ಕೊಟ್ಟಿತು. ಅದು ರೈತರ ಕಂದಾಯದ ಹಣವಲ್ಲದೆ ಮತ್ತೇನು?

ಕಡಲಾಚೆಗೆ ದಂಡು ಕಳಿಸುವುದೆಂದರೆ ಬಟ್ಟೆ, ಬೂಟು, ಕಂಬಳಿ, ಜೀನು, ಮೇವು, ಔಷಧಿ ಎಲ್ಲವೂ ಮೊದಲೇ ಸಿದ್ಧವಾಗಬೇಕು. 10 ಲಕ್ಷಕ್ಕೂ ಹೆಚ್ಚು ಭಾರತೀಯರನ್ನು ಹೊರದೇಶಗಳಿಗೆ ಸಾಗಿಸಿದ ಸರ್ಕಾರ ಇದನ್ನು ಹೇಗೆ ಮಾಡಿತು? 1914ರ ಸೆಪ್ಟೆಂಬರಿನಲ್ಲಿ ಫ್ರಾನ್ಸಿನ ಮಾರ್ಸೆಲ್ಸ್ ಬಂದರಿನಲ್ಲಿ ಇಳಿದ ಸಿಪಾಯಿಗಳು ಬೇಸಿಗೆಯ ತೆಳು ಖಾಕಿಯಲ್ಲಿದ್ದರು, ಎದುರಿಗೆ ಯುರೋಪಿನ ಚಳಿಗಾಲವಿತ್ತು. ಇರಾಕಿನಲ್ಲಿ, ಅಂದಿನ ಮೆಸೊಪೊಟೇಮಿಯಾದಲ್ಲಿ, ಇನ್ನೂ ಘೋರ. ನದಿಯೇ ದಾರಿಯಾಗಿದ್ದ ಆ ದೇಶಕ್ಕೆ ಸಾಕಷ್ಟು ದೋಣಿಗಳನ್ನೂ ಕಳಿಸಿರಲಿಲ್ಲ. 1915ರ ನವೆಂಬರಿನಲ್ಲಿ ಟೆಸಿಫಾನ್ ಕದನದ ನಂತರ ಗಾಯಾಳುಗಳನ್ನು ಹಾಸಿಗೆಯಿಲ್ಲದ ದೋಣಿಗಳಲ್ಲಿ ತುಂಬಿ ಬಸ್ರಾಕ್ಕೆ ತಂದರು. ‘ಮೆಜಿದಿಯೆ’ ಎಂಬ ದೋಣಿ ಹತ್ತಿರ ಬಂದಾಗ ಅದರ ಪಕ್ಕದಲ್ಲಿ ಹಗ್ಗಗಳು ಇಳಿಬಿದ್ದಂತೆ ಕಂಡಿತಂತೆ. ಅವು ಹಗ್ಗಗಳಲ್ಲ, ಆಮಶಂಕೆಯ ರೋಗಿಗಳ ಮಲ. ಇದನ್ನು ವರದಿ ಮಾಡಿದ ಸೈನ್ಯದ ವೈದ್ಯ ಮೇಜರ್ ಕಾರ್ಟರ್‌ಗೆ ಮೇಲಧಿಕಾರಿಗಳಿಂದ ಸಿಕ್ಕಿದ್ದು ಬಂಧನದ ಬೆದರಿಕೆ. 1917ರಲ್ಲಿ ತನಿಖಾ ಆಯೋಗ ಎಲ್ಲವನ್ನೂ ಬಯಲಿಗೆಳೆದಾಗ ಭಾರತ ವ್ಯವಹಾರಗಳ ಮಂತ್ರಿ ಆಸ್ಟೆನ್ ಚೇಂಬರ್ಲೇನ್ ರಾಜೀನಾಮೆ ಕೊಡಬೇಕಾಯಿತು. ಸತ್ತವರಿಗೆ ಏನು ಸಿಕ್ಕಿತು? ಬಸ್ರಾ ಸ್ಮಾರಕದಲ್ಲಿ ಬ್ರಿಟಿಷ್ ಸೈನಿಕರ ಹೆಸರುಗಳನ್ನು ಕೆತ್ತಿದರು. ಭಾರತೀಯ ಸಾಮಾನ್ಯ ಸಿಪಾಯಿಗಳದ್ದು ಬರೀ ಲೆಕ್ಕ, ಇಂಥ ದಳದಿಂದ ಇಷ್ಟು ಮಂದಿ ಎಂದು.

ಹೋಗುವುದಿಲ್ಲ ಎಂದವರೂ ಇದ್ದರು. 1916ರಲ್ಲಿ ಅದೇ ಬಸ್ರಾದಲ್ಲಿ 15ನೇ ಲ್ಯಾನ್ಸರ್ಸ್ ದಳದ ನಾನೂರಕ್ಕೂ ಹೆಚ್ಚು ಮುಸ್ಲಿಂ ಸವಾರರು ತುರ್ಕರ ಮೇಲೆ ನಡೆಯಲು ಒಪ್ಪದೆ ಶಿಕ್ಷೆ ಉಂಡರು. 1921ರಲ್ಲಿ ಕರಾಚಿಯ ಖಿಲಾಫತ್ ಸಮ್ಮೇಳನ ಬ್ರಿಟಿಷ್ ಸೈನ್ಯದ ಚಾಕರಿ ಮುಸ್ಲಿಮರಿಗೆ ಹರಾಮ್ ಎಂದು ಸಾರಿತು. ಆ ಮೊಕದ್ದಮೆಯ ಕಟಕಟೆಯಲ್ಲಿ ಅಲಿ ಸಹೋದರರ ಜೊತೆಗೆ ಶಂಕರಾಚಾರ್ಯ ಭಾರತೀಕೃಷ್ಣ ತೀರ್ಥರೂ ನಿಂತಿದ್ದರು. ಇದನ್ನು ಕೇವಲ ಮುಸ್ಲಿಮರ ಹಟವೆಂದು ಹೇಳುವವರಿಗೆ ಈ ಸ್ವಾಮೀಜಿ ಏಕೆ ನೆನಪಾಗುವುದಿಲ್ಲ?

ಮತ್ತೆ ಬಳ್ಳಾರಿಗೆ ಬರೋಣ. ಯುದ್ಧದಲ್ಲಿ ಸೆರೆಸಿಕ್ಕ ತುರ್ಕಿಯವರನ್ನು ತಂದಿಟ್ಟ ಶಿಬಿರಗಳಲ್ಲಿ ಬಳ್ಳಾರಿಯದೂ ಒಂದು. 1917ರಲ್ಲಿ ರೆಡ್‌ಕ್ರಾಸ್ ಪ್ರತಿನಿಧಿಗಳು ಅದನ್ನು ನೋಡಿಹೋಗಿದ್ದಾರೆ. ದಂಡಿಗೆ ಬಟ್ಟೆ ಹೊಲಿದದ್ದೂ ಈ ಊರು, ಆ ದಂಡು ಹಿಡಿದವರಿಗೆ ಸೆರೆಮನೆಯಾದದ್ದೂ ಈ ಊರು. 1921ರ ನವೆಂಬರಿನಲ್ಲಿ ಮಲಬಾರಿನ ತಿರೂರಿನಿಂದ ಮಾಪಿಳ್ಳೆ ಕೈದಿಗಳನ್ನು ಗಾಳಿಯಾಡದ ರೈಲು ಡಬ್ಬಿಯಲ್ಲಿ ತುಂಬಿ ಕಳಿಸಿದ್ದೂ ಬಳ್ಳಾರಿಗೇ. ಅವರಲ್ಲಿ ಸುಮಾರು 70 ಮಂದಿ ಉಸಿರುಗಟ್ಟಿ ಸತ್ತರು. ಹೈಫಾದ ಕುದುರೆಗಳ ಬಗ್ಗೆ ಗಂಟೆಗಟ್ಟಲೆ ಮಾತಾಡುವವರು ಈ ಡಬ್ಬಿಯ ಬಗ್ಗೆ ಒಂದು ನಿಮಿಷ ಮಾತಾಡಲಿ.

ಇದೆಲ್ಲ ಹಳೆಯ ಕಥೆ ಎನ್ನುವ ಹಾಗಿಲ್ಲ. 2003ರಲ್ಲಿ ಅಮೆರಿಕ ಅದೇ ಇರಾಕಿಗೆ ನಮ್ಮ ಸೈನ್ಯವನ್ನು ಕೇಳಿತ್ತು. ವಾಜಪೇಯಿ ಸರ್ಕಾರ ಆ ಜುಲೈನಲ್ಲಿ ಇಲ್ಲವೆಂದಿತು. ಆ ನಿರ್ಧಾರ ಸರಿಯಾಗಿತ್ತು, ಪಕ್ಷ ಯಾವುದೇ ಇರಲಿ ಒಪ್ಪಿಕೊಳ್ಳೋಣ. ಆದರೆ ಸರ್ಕಾರ ಇಲ್ಲವೆಂದರೂ ಏಜೆಂಟರು ಬಿಡುವುದಿಲ್ಲ. 2024ರಲ್ಲಿ ಬಯಲಾದದ್ದು ಕಲಬುರಗಿಯ ಯುವಕರ ಪ್ರಕರಣ. ರಷ್ಯಾದಲ್ಲಿ ಕಾವಲು, ಸಹಾಯಕನ ಕೆಲಸವೆಂದು ನಂಬಿಸಿ ಕರೆದೊಯ್ದು ಉಕ್ರೇನ್ ಯುದ್ಧಕ್ಕೆ ತಳ್ಳಿದರು. ತಿಂಗಳುಗಟ್ಟಲೆ ಮನೆಯವರು ಅಂಗಲಾಚಿದ ಮೇಲೆ ಆ ಸೆಪ್ಟೆಂಬರಿನಲ್ಲಿ ಅವರು ಮರಳಿದರು. ದೇಶದ ಬೇರೆ ಕಡೆಗಳಿಂದ ಹೀಗೆ ಹೋದ ಕೆಲವರು ಶವವಾಗಿ ಬಂದರು.

ಸಿರುಗುಪ್ಪದಿಂದ, ಕುರುಗೋಡಿನಿಂದ ಕೆಲಸ ಹುಡುಕಿಕೊಂಡು ಬಳ್ಳಾರಿಯ ಬಸ್ಸು ಹತ್ತುವ ಹುಡುಗನ ಕೈಗೆ ಇಂದು ಮೊಬೈಲಿನಲ್ಲಿ ಪರದೇಶದ ನೌಕರಿಯ ಜಾಹೀರಾತು ಬಂದು ಬೀಳುತ್ತದೆ. ಪಾಸ್‌ಪೋರ್ಟ್ ಮಾಡಿಸುವ ಮೊದಲು ಆ ಏಜೆಂಟನಿಗೆ ವಿದೇಶಾಂಗ ಸಚಿವಾಲಯದ ನೋಂದಣಿ ಇದೆಯೇ ಎಂದು ನೋಡಿಕೊಡುವವರು ತಾಲೂಕು ಕಚೇರಿಯಲ್ಲಿ ಒಬ್ಬರಾದರೂ ಇರಬೇಕು. ನಮ್ಮ ಜಮಾಅತ್‌ಗಳೂ ಈ ಕೆಲಸ ಮಾಡಬಹುದು. ಜುಮಾ ಮುಗಿದ ಮೇಲೆ ಹತ್ತು ನಿಮಿಷ, ಒಂದು ಮೇಜು, ಕಾಗದ ಓದಬಲ್ಲ ಒಬ್ಬ ಮನುಷ್ಯ ಇದ್ದರೆ ಸಾಕು. ರಷ್ಯನ್ ಭಾಷೆಯ ಕರಾರಿಗೆ ಸಹಿ ಹಾಕಬೇಡ ಎಂದು ಆ ಹುಡುಗನಿಗೆ ಅಲ್ಲಿಯೇ ಹೇಳಬಹುದು.