ಸಾಲು, ಬಳೆ, ನಕ್ಷತ್ರ

ಗಣೇಶನ ಹಬ್ಬದ ಪೆಂಡಾಲಿಗೆ ಸುತ್ತುವ ಬಣ್ಣದ ಬಲ್ಬುಗಳ ಸರವನ್ನು ನೋಡದವರಿಲ್ಲ. ಹಳೆಯ ಸರಗಳಲ್ಲಿ ಒಂದು ಬಲ್ಬು ಹೋಯಿತೆಂದರೆ ಇಡೀ ಸರವೇ ಕತ್ತಲು. ಹೋಗಿರುವುದು ಯಾವುದು ಎಂದು ಒಂದೊಂದನ್ನೇ ಬದಲಾಯಿಸಿ ನೋಡುವುದರಲ್ಲಿ ಹುಡುಗರಿಗೆ ಅರ್ಧ ರಾತ್ರಿ ಕಳೆಯುತ್ತಿತ್ತು. ಮನೆಯೊಳಗಿನ ದೀಪಗಳಿಗೆ ಈ ಕಾಟವಿಲ್ಲ. ಅಡುಗೆಮನೆಯ ಬಲ್ಬು ಸುಟ್ಟುಹೋದರೂ ನಡುಮನೆಯ ದೀಪ ಉರಿಯುತ್ತಲೇ ಇರುತ್ತದೆ. ವ್ಯತ್ಯಾಸವಿರುವುದು ಬಲ್ಬಿನಲ್ಲಲ್ಲ, ತಂತಿ ಜೋಡಿಸಿದ ರೀತಿಯಲ್ಲಿ.

ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸುವಾಗಲೂ ಇದೇ ಪ್ರಶ್ನೆ ಏಳುತ್ತದೆ. ಈ ಜೋಡಣೆಯ ಆಕಾರಕ್ಕೆ ಟೋಪಾಲಜಿ ಎಂದು ಹೆಸರು. ಪಠ್ಯಪುಸ್ತಕಗಳಲ್ಲಿ ಐದು ಚಿತ್ರಗಳಿರುತ್ತವೆ. ಪ್ರತಿಯೊಂದರ ಕೆಳಗೆ ಮೂರು ಅನುಕೂಲ, ಮೂರು ಅನನುಕೂಲ. ವಿದ್ಯಾರ್ಥಿಗಳು ಬಾಯಿಪಾಠ ಮಾಡಿ ಅಂಕ ಪಡೆಯುತ್ತಾರೆ. ಆದರೆ ಕೇಳಬೇಕಾದ ಮುಖ್ಯ ಪ್ರಶ್ನೆ ಒಂದೇ: ಒಂದು ಕಡೆ ತಂತಿ ತುಂಡಾದರೆ ಎಷ್ಟು ಮಂದಿಗೆ ತೊಂದರೆ?

ಮೊದಲು ಸಾಲಿನ ಕಥೆ. ಇದನ್ನು ಬಸ್ ಎನ್ನುತ್ತಾರೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿದ್ದ ಜೆರಾಕ್ಸ್ ಕಂಪನಿಯ ಪಾಲೋ ಆಲ್ಟೋ ಸಂಶೋಧನಾ ಕೇಂದ್ರದಲ್ಲಿ 1973ರಲ್ಲಿ ರಾಬರ್ಟ್ ಮೆಟ್‌ಕಾಫ್ ಮತ್ತು ಡೇವಿಡ್ ಬಾಗ್ಸ್ ಇದಕ್ಕೆ ಕೈಹಾಕಿದರು. ಕಟ್ಟಡದ ಉದ್ದಕ್ಕೂ ಒಂದೇ ಒಂದು ಕೇಬಲ್. ಯಂತ್ರಗಳೆಲ್ಲ ಅದಕ್ಕೇ ಅಂಟಿಕೊಂಡಿರುತ್ತವೆ. ಮೂಲ ವಿಚಾರ ಬಂದದ್ದು ಹವಾಯಿ ವಿಶ್ವವಿದ್ಯಾಲಯದಲ್ಲಿ ನಾರ್ಮನ್ ಅಬ್ರಾಮ್ಸನ್ ಅವರ ತಂಡ ದ್ವೀಪದಿಂದ ದ್ವೀಪಕ್ಕೆ ರೇಡಿಯೋ ಮೂಲಕ ಕಂಪ್ಯೂಟರ್ ಸಂದೇಶ ಕಳಿಸಲು ಕಟ್ಟಿದ ಅಲೋಹಾ ಜಾಲದಿಂದ. ತಮ್ಮ ಜಾಲಕ್ಕೆ ಮೆಟ್‌ಕಾಫ್ ಈಥರ್‌ನೆಟ್ ಎಂದು ಹೆಸರಿಟ್ಟರು. ಭೌತವಿಜ್ಞಾನ ಓದಿದವರಿಗೆ ಇಲ್ಲೊಂದು ತಮಾಷೆ ಕಾಣುತ್ತದೆ. ಬೆಳಕು ಸಾಗಲು ಎಲ್ಲೆಡೆ ಹರಡಿದೆಯೆಂದು ಹತ್ತೊಂಬತ್ತನೇ ಶತಮಾನದವರು ನಂಬಿದ್ದ ಮಾಧ್ಯಮವೇ ಈಥರ್. 1887ರಲ್ಲಿ ಮೈಕೆಲ್‌ಸನ್ ಮತ್ತು ಮಾರ್ಲೆ ಎಷ್ಟು ಹುಡುಕಿದರೂ ಅದು ಸಿಗಲಿಲ್ಲ. ಬೆಳಕಿಗೆ ಬೇಡವಾದ ಈಥರ್ ಕಂಪ್ಯೂಟರಿಗೆ ದಕ್ಕಿತು!

ಒಂದೇ ಕೇಬಲ್ಲಿನಲ್ಲಿ ಎಲ್ಲರೂ ಮಾತಾಡುವುದು ಹೇಗೆ? ಜಗಲಿಯ ಮೇಲೆ ಕೂತು ಹರಟುವವರ ರೀತಿಯೇ ಇಲ್ಲಿಯದೂ. ಮಾತಾಡುವ ಮೊದಲು ಬೇರೆ ಯಾರಾದರೂ ಮಾತಾಡುತ್ತಿದ್ದಾರೆಯೇ ಎಂದು ಕೇಳಿಸಿಕೊಳ್ಳಬೇಕು. ಇಬ್ಬರು ಒಟ್ಟಿಗೇ ಬಾಯಿ ತೆರೆದರೆ ಇಬ್ಬರೂ ಸುಮ್ಮನಾಗಬೇಕು. ಆಮೇಲೆ ಒಬ್ಬೊಬ್ಬರೂ ತಮಗೆ ತೋಚಿದಷ್ಟು ಹೊತ್ತು ಕಾದು ಮತ್ತೆ ಪ್ರಯತ್ನಿಸಬೇಕು. ಕಾಯುವ ಹೊತ್ತು ಇಬ್ಬರಿಗೂ ಬೇರೆ ಬೇರೆಯಾಗುವ ಸಂಭವವೇ ಹೆಚ್ಚಾದ್ದರಿಂದ ಸಾಮಾನ್ಯವಾಗಿ ಎರಡನೇ ಸಲ ಡಿಕ್ಕಿಯಾಗುವುದಿಲ್ಲ. ಆದರೂ ಡಿಕ್ಕಿಯಾದರೆ ಇನ್ನಷ್ಟು ಹೆಚ್ಚು ಹೊತ್ತು ಕಾಯುವುದು.

ಈ ಜಾಲದ ತೆಳು ಕೇಬಲ್ಲಿನ ರೂಪ 1980ರ ದಶಕದಲ್ಲಿ ಕಚೇರಿಗಳಿಗೆ ಬಂದಿತು. ಒಂದು ತುಂಡು ಕೇಬಲ್ 185 ಮೀಟರಿಗಿಂತ ಉದ್ದವಿರಬಾರದು, ಅದಕ್ಕೆ 30ಕ್ಕಿಂತ ಹೆಚ್ಚು ಯಂತ್ರ ಸೇರಿಸಬಾರದು ಎಂಬ ನಿಯಮವಿತ್ತು. ಎರಡೂ ತುದಿಗಳಿಗೆ 50 ಓಮ್‌ನ ಪುಟ್ಟ ಟೊಪ್ಪಿಗೆ ಹಾಕಬೇಕಿತ್ತು. ಟೊಪ್ಪಿಗೆ ಇಲ್ಲದಿದ್ದರೆ, ಗೋಡೆಗೆ ಕಟ್ಟಿದ ಹಗ್ಗವನ್ನು ಜಾಡಿಸಿದಾಗ ಅಲೆ ಗೋಡೆಯವರೆಗೆ ಹೋಗಿ ಹಿಂದಿರುಗುವಂತೆ, ಸಂಕೇತವೂ ತುದಿಗೆ ಬಡಿದು ಹಿಂದಿರುಗಿ ಹೊಸ ಸಂಕೇತಗಳನ್ನು ಕೆಡಿಸುತ್ತದೆ. ಇದರ ಪರಿಣಾಮ ಬಹಳ ವಿಚಿತ್ರವಾದದ್ದು. ನಡುವೆ ಎಲ್ಲೋ ಒಂದು ಕಡೆ ಕೇಬಲ್ ತುಂಡಾಯಿತೆನ್ನಿ. ಎಡಭಾಗದವರು ತಮ್ಮತಮ್ಮಲ್ಲೇ, ಬಲಭಾಗದವರು ತಮ್ಮತಮ್ಮಲ್ಲೇ ಮಾತಾಡಿಕೊಳ್ಳಬಹುದಲ್ಲ ಎನಿಸುತ್ತದೆ. ಆಗುವುದಿಲ್ಲ. ತುಂಡಾದ ಜಾಗದಲ್ಲಿ ಟೊಪ್ಪಿಗೆ ಇಲ್ಲದ ಎರಡು ಹೊಸ ತುದಿಗಳು ಹುಟ್ಟಿರುತ್ತವೆ. ಪ್ರತಿಧ್ವನಿಯಿಂದ ಎರಡೂ ಭಾಗ ಕೆಡುತ್ತವೆ. ಪಕ್ಕಪಕ್ಕದ ಮೇಜಿನವರ ನಡುವಿನ ತಂತಿ ನೆಟ್ಟಗಿದ್ದರೂ ಅವರ ಮಾತು ನಿಲ್ಲುತ್ತದೆ. ಕಸ ಗುಡಿಸುವಾಗ ಯಾರಾದರೂ ಮೇಜು ಸರಿಸಿ ಒಂದು ಜೋಡಣೆ ಸಡಿಲವಾದರೆ ಸಾಕಿತ್ತು, ಇಡೀ ಕಚೇರಿಯ ಕೆಲಸ ನಿಲ್ಲುತ್ತಿತ್ತು.

ಇಂದು ಕಚೇರಿಗಳಲ್ಲಿ ಈ ಬಗೆ ಕಾಣಸಿಗುವುದು ಅಪರೂಪ. ಆದರೆ ಬಸ್ ಸತ್ತಿಲ್ಲ. ಬಾಷ್ ಕಂಪನಿ 1986ರಲ್ಲಿ ಹೊರತಂದ ಕ್ಯಾನ್ ಎಂಬ ಬಸ್ ಜಾಲ ಇಂದಿಗೂ ಕಾರುಗಳೊಳಗೆ ಎಂಜಿನ್ನು, ಬ್ರೇಕು, ಮೀಟರುಗಳ ನಡುವೆ ಸಂದೇಶ ಸಾಗಿಸುತ್ತಿದೆ. ಚಿಕ್ಕ ಜಾಗಕ್ಕೆ, ಕಡಿಮೆ ತಂತಿಗೆ ಬಸ್ಸೇ ಹೇಳಿಮಾಡಿಸಿದ್ದು.

ಎರಡನೆಯದು ಬಳೆ. ಐಬಿಎಂ ಕಂಪನಿ 1985ರಲ್ಲಿ ಮಾರುಕಟ್ಟೆಗೆ ತಂದ ಟೋಕನ್ ರಿಂಗ್ ಇದರ ಪ್ರಸಿದ್ಧ ಉದಾಹರಣೆ. ನಮ್ಮ ರೈಲ್ವೆಯನ್ನು ಬಲ್ಲವರಿಗೆ ಇದು ಥಟ್ಟನೆ ಅರ್ಥವಾಗುತ್ತದೆ. ಒಂಟಿ ಹಳಿಯ ಮಾರ್ಗದಲ್ಲಿ ಸ್ಟೇಷನ್ ಸಿಬ್ಬಂದಿ ಬೆತ್ತದ ಬಳೆಗೆ ಸಿಕ್ಕಿಸಿದ ಟೋಕನ್ನನ್ನು ಡ್ರೈವರ್ ಕೈಗೆ ಕೊಡುತ್ತಿದ್ದರು. ಟೋಕನ್ ಕೈಯಲ್ಲಿದ್ದ ಗಾಡಿಗೆ ಮಾತ್ರ ಮುಂದಿನ ಸ್ಟೇಷನ್ನಿನವರೆಗೆ ಹಳಿಯ ಹಕ್ಕು. ಟೋಕನ್ ರಿಂಗ್‌ನಲ್ಲೂ ಅಷ್ಟೇ. ಒಂದು ಪುಟ್ಟ ಸಂಕೇತ ಯಂತ್ರದಿಂದ ಯಂತ್ರಕ್ಕೆ ಸುತ್ತುತ್ತಿರುತ್ತದೆ. ಅದು ಕೈಗೆ ಬಂದವನಷ್ಟೇ ಮಾತಾಡಬೇಕು. ಹಾಗಾಗಿ ಡಿಕ್ಕಿಯ ಮಾತೇ ಇಲ್ಲ. ತೊಂದರೆಯೆಂದರೆ ಬಳೆ ಎಲ್ಲಿ ಒಡೆದರೂ ಒಡೆದದ್ದೇ. ಅದಕ್ಕಾಗಿ ಐಬಿಎಂನವರು ತಂತಿಗಳನ್ನೆಲ್ಲ ನಡುವಿನ ಒಂದು ಪೆಟ್ಟಿಗೆಗೆ ತಂದರು. ಕೆಟ್ಟ ಯಂತ್ರವನ್ನು ಪೆಟ್ಟಿಗೆಯೇ ಬಿಟ್ಟು ಮುಂದೆ ದಾಟಿಸುತ್ತಿತ್ತು. ಕಣ್ಣಿಗೆ ಕಾಣುವ ಆಕಾರ ನಕ್ಷತ್ರ, ಸಂಕೇತ ಓಡುವ ದಾರಿ ಬಳೆ. ಇದು ಚಿತ್ರ ನೋಡಿ ಬಾಯಿಪಾಠ ಮಾಡಿದವರು ಎಡವುವ ಜಾಗ.

ನಕ್ಷತ್ರಕ್ಕೆ ಗೆಲುವು ತಂದುಕೊಟ್ಟದ್ದು ಅಗ್ಗದ ಟೆಲಿಫೋನ್ ಮಾದರಿಯ ತಂತಿ. ಹೆಣೆದ ಜೋಡಿ ತಂತಿಯಲ್ಲೇ ಈಥರ್‌ನೆಟ್ ಓಡಿಸುವ ಮಾನಕ 1990ರಲ್ಲಿ ಬಂದಿತು. ಪ್ರತಿ ಯಂತ್ರಕ್ಕೂ ನಡುವಿನ ಪೆಟ್ಟಿಗೆಯಿಂದ ಪ್ರತ್ಯೇಕ ತಂತಿ, ಹೆಚ್ಚೆಂದರೆ 100 ಮೀಟರ್. ತಂತಿ ಹೆಚ್ಚು ಬೇಕು ನಿಜ. ಆದರೆ ಒಂದು ತುಂಡಾದರೆ ಹಾಳಾಗುವುದು ಒಬ್ಬನ ಕೆಲಸ ಮಾತ್ರ. ಮೊದಲ ಪೆಟ್ಟಿಗೆಗಳು ದಡ್ಡ ಪೆಟ್ಟಿಗೆಗಳು. ಒಬ್ಬನ ಮಾತನ್ನು ಎಲ್ಲರಿಗೂ ಕೂಗಿ ಹೇಳುತ್ತಿದ್ದವು. ಯಾರಿಗೆ ಸಲ್ಲಬೇಕೋ ಅವರಿಗೆ ಮಾತ್ರ ಒಪ್ಪಿಸುವ ಮೊದಲ ಈಥರ್‌ನೆಟ್ ಸ್ವಿಚ್ಚನ್ನು ಅದೇ 1990ರಲ್ಲಿ ತಂದದ್ದು ಕ್ಯಾಲಿಫೋರ್ನಿಯಾದ ಒಂದು ಪುಟ್ಟ ಕಂಪನಿ. ಅದರ ಹೆಸರು ಕಲ್ಪನಾ! ಸ್ಥಾಪಕರಲ್ಲಿ ಒಬ್ಬರು ಭಾರತೀಯ ಮೂಲದ ವಿನೋದ್ ಭಾರದ್ವಾಜ್. 1994ರಲ್ಲಿ ಸಿಸ್ಕೋ ಅದನ್ನು ಕೊಂಡುಕೊಂಡಿತು. ನಕ್ಷತ್ರದ ದೌರ್ಬಲ್ಯ ಅದರ ನಡುವೆಯೇ ಇದೆ. ಪೆಟ್ಟಿಗೆ ಕೆಟ್ಟರೆ ಎಲ್ಲರೂ ಮೂಕರು.

ಹಾಗಾದರೆ ಎಲ್ಲರನ್ನೂ ಎಲ್ಲರಿಗೂ ನೇರ ಜೋಡಿಸಿಬಿಟ್ಟರೆ? 5 ಯಂತ್ರಗಳಿಗೆ 10 ತಂತಿ ಸಾಕು. 10 ಯಂತ್ರಗಳಿಗೆ 45 ಬೇಕು. 100 ಯಂತ್ರಗಳಿಗೆ 4,950. ಲೆಕ್ಕವೇ ಬೇಡ ಎನ್ನುತ್ತದೆ. ಅಣು ಬಾಂಬಿನ ದಾಳಿಯಾದರೂ ಉಳಿಯುವ ಸಂಪರ್ಕ ಜಾಲದ ಬಗ್ಗೆ ಅಮೆರಿಕದ ರ್ಯಾಂಡ್ ಸಂಸ್ಥೆಯಲ್ಲಿ ಅಧ್ಯಯನ ಮಾಡಿದ ಪಾಲ್ ಬರಾನ್ 1964ರಲ್ಲಿ ಒಂದು ಸಮಾಧಾನದ ಉತ್ತರ ಕೊಟ್ಟರು. ಎಲ್ಲ ಕೊಂಡಿಗಳೂ ಬೇಕಿಲ್ಲ. ತೀರಾ ಅಗತ್ಯವಾದ ಕೊಂಡಿಗಳ ಮೂರು ನಾಲ್ಕು ಪಟ್ಟು ಇದ್ದರೆ ಸಾಕು, ಜಾಲ ಬಲೆಯಂತೆ ಗಟ್ಟಿಯಾಗುತ್ತದೆ. ಮೀನಿನ ಬಲೆಯ ಒಂದು ಎಳೆ ಹರಿದರೆ ಬಲೆ ಬೇರೆಯಾಗುವುದಿಲ್ಲವಲ್ಲ, ಹಾಗೆ.

ದೇಶ ದೇಶಗಳ ನಡುವೆ ಈ ಬಲೆ ಇನ್ನೂ ತೆಳುವೇ. 2008ರ ಜನವರಿ ಕೊನೆಯಲ್ಲಿ ಈಜಿಪ್ಟಿನ ಅಲೆಕ್ಸಾಂಡ್ರಿಯಾ ಬಳಿ ಸಮುದ್ರದಡಿಯ ಎರಡು ಕೇಬಲ್‌ಗಳು ತುಂಡಾದಾಗ ಭಾರತದಲ್ಲೂ ಇಂಟರ್‌ನೆಟ್ ಕುಂಟಿತು. ಪೂರ್ತಿ ನಿಲ್ಲಲಿಲ್ಲ, ಪೂರ್ವದ ಕಡಲಿನ ಸುತ್ತುದಾರಿ ಹಿಡಿದು ಸಂದೇಶಗಳು ತಲುಪಿದವು.

ನಮ್ಮ ಹಳ್ಳಿಗಳ ವಿಷಯಕ್ಕೆ ಬಂದರೆ ಆಕಾರದ ಪ್ರಶ್ನೆ ಇನ್ನೂ ಬಿಸಿಯಾಗಿದೆ. ದೇಶದ ಸುಮಾರು ಎರಡೂವರೆ ಲಕ್ಷ ಗ್ರಾಮ ಪಂಚಾಯಿತಿಗಳಿಗೆ ಗಾಜಿನ ಎಳೆಯ ಕೇಬಲ್ ಮುಟ್ಟಿಸುವ ಯೋಜನೆಗೆ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟದ್ದು 2011ರ ಅಕ್ಟೋಬರಿನಲ್ಲಿ. ಇದೇ ಮುಂದೆ ಭಾರತ್‌ನೆಟ್ ಆಯಿತು. ವೆಚ್ಚ ಉಳಿಸಲು ಮೊದಲ ಹಂತದಲ್ಲಿ ಸಾಲಿನ ಜೋಡಣೆ ಆರಿಸಿಕೊಂಡರು. ತಾಲ್ಲೂಕು ಕೇಂದ್ರದಿಂದ ಹೊರಟ ಎಳೆ ಮರದ ಕೊಂಬೆಯಂತೆ ಕವಲೊಡೆಯುತ್ತ ಪಂಚಾಯಿತಿಗಳಿಗೆ ಹೋಗುತ್ತದೆ. ಬುಡದ ಹತ್ತಿರ ರಸ್ತೆ ಅಗಲ ಮಾಡುವ ಜೆಸಿಬಿ ಒಮ್ಮೆ ಹಲ್ಲು ಊರಿತೆಂದರೆ ಆ ಕೊಂಬೆಯಲ್ಲಿರುವ ಪಂಚಾಯಿತಿಗಳೆಲ್ಲ ಒಟ್ಟಿಗೆ ಮೂಕ. ಪಹಣಿಗೆಂದು ಕೆಲಸ ಬಿಟ್ಟು ಬಂದ ರೈತನಿಗೆ ‘ನೆಟ್ ಇಲ್ಲ, ನಾಳೆ ಬನ್ನಿ’ ಎಂಬ ಉತ್ತರ. ನಾಳೆಯೂ ಬಂದು ಹೋಗುವ ಬಸ್ ಚಾರ್ಜನ್ನು ಯೋಜನೆಯ ವೆಚ್ಚದಲ್ಲಿ ಯಾರೂ ಸೇರಿಸಿರಲಿಲ್ಲ.

2023ರ ಆಗಸ್ಟ್‌ನಲ್ಲಿ ಒಪ್ಪಿಗೆಯಾದ ತಿದ್ದುಪಡಿ ಯೋಜನೆ ಸಾಲನ್ನು ಬಿಟ್ಟು ಬಳೆಗೆ ಬಂದಿದೆ. ಮಂಜೂರಾದ ಮೊತ್ತ ಸುಮಾರು 1.39 ಲಕ್ಷ ಕೋಟಿ ರೂಪಾಯಿ. ತಾಲ್ಲೂಕು ಕೇಂದ್ರದಿಂದ ಹೊರಟ ಕೇಬಲ್ ಪಂಚಾಯಿತಿಗಳನ್ನು ಪೋಣಿಸಿಕೊಂಡು ಮತ್ತೆ ಕೇಂದ್ರಕ್ಕೇ ಮರಳಬೇಕು. ಒಂದು ಕಡೆ ತುಂಡಾದರೆ ಸಂದೇಶ ಹಿಂದಿನಿಂದ ಸುತ್ತಿ ಬರುತ್ತದೆ. ರಿಪೇರಿಯವರು ಬರುವವರೆಗೆ ಕೆಲಸ ನಡೆಯುತ್ತದೆ.

ಆದರೆ ಇಲ್ಲೂ ಒಂದು ಸೂಕ್ಷ್ಮವಿದೆ. ಹೋಗುವ ಕೇಬಲ್ಲೂ ಬರುವ ಕೇಬಲ್ಲೂ ಒಂದೇ ರಸ್ತೆಯ ಪಕ್ಕದ ಒಂದೇ ಕಾಲುವೆಯಲ್ಲಿ ಮಲಗಿದ್ದರೆ ಅದು ನಕ್ಷೆಯಲ್ಲಿ ಮಾತ್ರ ಬಳೆ. ಜೆಸಿಬಿಗೆ ಎರಡೂ ಒಂದೇ ಸಲ ಸಿಗುತ್ತವೆ. ಹೊಸ ಕೇಬಲ್ಲಿಗೆ ಗುಂಡಿ ತೋಡಲು ಬಂದವರನ್ನು ಪಂಚಾಯಿತಿ ಸದಸ್ಯರು ಕೇಳಬೇಕಾದದ್ದು ವೇಗ ಎಷ್ಟು ಎಂದಲ್ಲ. ಇದು ಯಾವ ಊರಿನ ದಾರಿಯಲ್ಲಿ ಬಂದು ಯಾವ ಊರಿನ ದಾರಿಯಲ್ಲಿ ಹೋಗುತ್ತದೆ ಎಂದು.