ಸಹಿ ಆಕೆಯದು, ತೀರ್ಮಾನ ಯಾರದು?

ಗರ್ಭಪಾತದ ಪ್ರಶ್ನೆ ಕರ್ನಾಟಕದ ಓದುಗರನ್ನು ಬೆಚ್ಚಿಬೀಳಿಸಿದ ಎರಡು ಸಂದರ್ಭಗಳನ್ನು ನೆನೆಯಬಹುದು. ಮೊದಲನೆಯದು 2012ರ ನವೆಂಬರ್. ಬೆಳಗಾವಿ ಮೂಲದ ದಂತವೈದ್ಯೆ ಸವಿತಾ ಹಾಲಪ್ಪನವರ್ ಗರ್ಭಪಾತ ಮಾಡಿರೆಂದು ಕೇಳಿಕೊಂಡರೂ ಒಪ್ಪಿಗೆ ಸಿಗದೆ ಐರ್ಲೆಂಡಿನ ಗಾಲ್ವೇ ನಗರದ ಆಸ್ಪತ್ರೆಯಲ್ಲಿ ಸಾವನ್ನಪ್ಪಿದ ಸುದ್ದಿ ಹೊರಬಿದ್ದ ತಿಂಗಳು ಅದು. ಎರಡನೆಯದು 2023ರ ನವೆಂಬರ್. ಮಂಡ್ಯ ಜಿಲ್ಲೆಯ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟುಕೊಂಡು ಭ್ರೂಣಲಿಂಗ ಪತ್ತೆ ನಡೆಸುತ್ತಿದ್ದ ಜಾಲವನ್ನು ಬೆಂಗಳೂರಿನ ಬೈಯಪ್ಪನಹಳ್ಳಿ ಪೊಲೀಸರು ಬಯಲಿಗೆಳೆದ ಸಮಯ.

ಮೇಲ್ನೋಟಕ್ಕೆ ಇವೆರಡೂ ಪರಸ್ಪರ ವಿರುದ್ಧ ದಿಕ್ಕಿನ ಘಟನೆಗಳು. ಒಂದರಲ್ಲಿ ಗರ್ಭಪಾತ ದೊರೆಯದೆ ಪ್ರಾಣ ಹೋಯಿತು. ಇನ್ನೊಂದರಲ್ಲಿ ಕಾನೂನು ಕೂಡದೆಂದ ಗರ್ಭಪಾತ ದುಡ್ಡಿಗೆ ದೊರೆಯಿತು. ಮೊದಲನೆಯದನ್ನು ಓದಿದವರು ಕಾನೂನು ಸಡಿಲವಾಗಲಿ ಎಂದರು, ಎರಡನೆಯದನ್ನು ಓದಿದವರು ಕಾನೂನು ಬಿಗಿಯಾಗಲಿ ಎಂದರು. ಆದರೆ ಎರಡೂ ಪ್ರಕರಣಗಳಲ್ಲಿ ಸಮಾನವಾದ ಒಂದು ಅಂಶವಿದೆ. ಗರ್ಭ ಹೊತ್ತ ಹೆಣ್ಣಿನ ಮಾತು ಎರಡೂ ಕಡೆ ಕಡೆಯ ಮಾತಾಗಲಿಲ್ಲ. ಗರ್ಭಪಾತದ ಹಕ್ಕಿನ ಕುರಿತ ಚರ್ಚೆ ಈ ದೇಶದಲ್ಲಿ ಪದೇ ಪದೇ ದಾರಿ ತಪ್ಪುವುದು ಈ ಅಂಶವನ್ನು ಮರೆಯುವುದರಿಂದಲೇ.

ಗಾಲ್ವೇಯ ಪಾಠ

ಸವಿತಾ ಅವರಿಗೆ ಆಗ 31 ವರ್ಷ. 17 ವಾರಗಳ ಗರ್ಭಿಣಿ. 2012ರ ಅಕ್ಟೋಬರ್ 21ರಂದು ಬೆನ್ನುನೋವಿನಿಂದ ಆಸ್ಪತ್ರೆಗೆ ಹೋದಾಗ ಗರ್ಭ ಉಳಿಯುವುದಿಲ್ಲ ಎಂಬುದನ್ನು ವೈದ್ಯರೇ ಹೇಳಿದ್ದರು. ಬಯಸಿ ಪಡೆದ ಗರ್ಭವದು. ಉಳಿಯುವುದಿಲ್ಲವೆಂದು ತಿಳಿದ ಮೇಲೆ ಅದನ್ನು ತೆಗೆದುಬಿಡಿ ಎಂದು ಆಕೆ ಕೇಳಿಕೊಂಡರು. ಭ್ರೂಣದ ಹೃದಯಬಡಿತ ಇನ್ನೂ ಇದ್ದುದರಿಂದ ಅದಕ್ಕೆ ಒಪ್ಪಿಗೆ ಸಿಗಲಿಲ್ಲ. ಅಷ್ಟರಲ್ಲಿ ರಕ್ತಕ್ಕೆ ಸೋಂಕು ವ್ಯಾಪಿಸಿತು. ಅಕ್ಟೋಬರ್ 28ರಂದು ಆಕೆ ಕೊನೆಯುಸಿರೆಳೆದರು.

ಐರ್ಲೆಂಡ್ 1983ರಲ್ಲಿ ತನ್ನ ಸಂವಿಧಾನಕ್ಕೆ ಎಂಟನೇ ತಿದ್ದುಪಡಿ ತಂದು ಗರ್ಭಸ್ಥ ಶಿಶುವಿನ ಜೀವದ ಹಕ್ಕನ್ನು ತಾಯಿಯ ಜೀವದ ಹಕ್ಕಿಗೆ ಸಮಾನವೆಂದು ಸಾರಿತ್ತು. ತಾಯಿಯ ಆರೋಗ್ಯ ಹದಗೆಟ್ಟರೆ ಸಾಲದು, ಜೀವಕ್ಕೇ ಅಪಾಯ ಬರಬೇಕು ಎಂಬ ಸ್ಥಿತಿ ಇದರಿಂದ ಉಂಟಾಯಿತು. ಆರೋಗ್ಯದ ಅಪಾಯ ಎಲ್ಲಿ ಮುಗಿದು ಜೀವದ ಅಪಾಯ ಎಲ್ಲಿ ಆರಂಭವಾಗುತ್ತದೆ ಎಂದು ಗೆರೆ ಎಳೆಯಲು ಹೊರಟ ವೈದ್ಯರು ಕಾಯುತ್ತಲೇ ಉಳಿದರು. 2018ರ ಮೇ 25ರ ಜನಮತಗಣನೆಯಲ್ಲಿ ಶೇ 66.4ರಷ್ಟು ಮತದಾರರು ಆ ತಿದ್ದುಪಡಿಯನ್ನು ಕಿತ್ತುಹಾಕಲು ಒಪ್ಪಿದರು. ಬೆಳಗಾವಿಯಲ್ಲಿದ್ದ ಸವಿತಾ ಅವರ ತಂದೆಯೂ ಬದಲಾವಣೆಯ ಪರ ಮತ ನೀಡುವಂತೆ ಐರ್ಲೆಂಡಿನ ಜನತೆಗೆ ಮನವಿ ಮಾಡಿದ್ದರು. 2019ರ ಜನವರಿಯಿಂದ ಅಲ್ಲಿ 12 ವಾರಗಳವರೆಗೆ, ಕಾರಣ ಹೇಳುವ ಅಗತ್ಯವಿಲ್ಲದೆಯೇ, ಮಹಿಳೆ ಗರ್ಭಪಾತ ಕೇಳಬಹುದಾಗಿದೆ.

ಆಗ ನಮ್ಮಲ್ಲಿ ಅನೇಕರು ಹೆಮ್ಮೆಯಿಂದ ಹೇಳಿದ ಮಾತೊಂದಿತ್ತು: ಸವಿತಾ ಬೆಳಗಾವಿಯಲ್ಲೇ ಇದ್ದಿದ್ದರೆ ಬದುಕುಳಿಯುತ್ತಿದ್ದರು. ಕಾನೂನಿನ ಮಟ್ಟಿಗೆ ಈ ಮಾತು ನಿಜ. ಆದರೆ ಕಾರಣ ಹೇಳದೆ ಕೇಳುವ ಹಕ್ಕು ಭಾರತದ ಮಹಿಳೆಗೆ ಇಂದಿಗೂ ಒಂದು ವಾರದ ಗರ್ಭಕ್ಕೂ ಇಲ್ಲ ಎಂಬುದೂ ಅಷ್ಟೇ ನಿಜ.

ಕಾಯ್ದೆ ರಕ್ಷಿಸಿದ್ದು ಯಾರನ್ನು?

ಭಾರತದಲ್ಲಿ ಗರ್ಭಪಾತ ಮೂಲತಃ ಅಪರಾಧ. 1860ರ ದಂಡಸಂಹಿತೆಯ 312ನೇ ಕಲಮು ಹಾಗೆಂದಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 88ನೇ ಕಲಮು ಅದನ್ನೇ ಮುಂದುವರಿಸಿದೆ. ತಾನಾಗಿಯೇ ಗರ್ಭ ಇಳಿಸಿಕೊಂಡ ಹೆಂಗಸೂ ಇದರ ವ್ಯಾಪ್ತಿಗೆ ಬರುತ್ತಾಳೆ. ಈ ಅಪರಾಧಕ್ಕೆ ನೀಡಲಾದ ವಿನಾಯಿತಿಯೇ 1971ರ ವೈದ್ಯಕೀಯ ಗರ್ಭಪಾತ ಕಾಯ್ದೆ.

ಅಪಾಯಕಾರಿ ಗರ್ಭಪಾತಗಳಿಂದ ಹೆಂಗಸರು ಸಾಯುತ್ತಿದ್ದುದನ್ನು ಕಂಡು ಸರ್ಕಾರ 1964ರಲ್ಲಿ ಶಾಂತಿಲಾಲ್ ಶಾ ಸಮಿತಿಯನ್ನು ನೇಮಿಸಿತು. ಅದರ ವರದಿಯ ಆಧಾರದ ಮೇಲೆ ರೂಪುಗೊಂಡ ಕಾಯ್ದೆ ಆ ಕಾಲಕ್ಕೆ ಉದಾರವಾದುದೇ. ಆದರೆ ಅದರ ವಾಕ್ಯರಚನೆಯನ್ನು ಗಮನಿಸಬೇಕು. ನೋಂದಾಯಿತ ವೈದ್ಯರು ಸದ್ಭಾವನೆಯಿಂದ ಅಭಿಪ್ರಾಯಪಟ್ಟು ಗರ್ಭಪಾತ ಮಾಡಿದರೆ ಅವರು ತಪ್ಪಿತಸ್ಥರಲ್ಲ ಎನ್ನುತ್ತದೆ ಕಾಯ್ದೆ. ಅಂದರೆ ಇದು ವೈದ್ಯರಿಗೆ ಕೊಟ್ಟ ರಕ್ಷಣೆ. ಮಹಿಳೆಯ ಪಾಲಿಗೆ ಇರುವುದು ಒಪ್ಪಿಗೆ ಮಾತ್ರ. ಕೇಳುವುದು ಆಕೆ, ಅಭಿಪ್ರಾಯ ವೈದ್ಯರದು.

2021ರ ತಿದ್ದುಪಡಿ ಕೆಲವು ಬಾಗಿಲುಗಳನ್ನು ತೆರೆಯಿತು. 20 ವಾರಗಳವರೆಗೆ ಒಬ್ಬ ವೈದ್ಯರ ಅಭಿಪ್ರಾಯ ಸಾಕು. 20ರಿಂದ 24 ವಾರಗಳ ನಡುವೆ ಇಬ್ಬರು ವೈದ್ಯರ ಅಭಿಪ್ರಾಯ ಬೇಕು. ಅದೂ ಅತ್ಯಾಚಾರಕ್ಕೊಳಗಾದವರು, ಅಪ್ರಾಪ್ತೆಯರು, ಗರ್ಭಿಣಿಯಾಗಿದ್ದಾಗ ವಿಧವೆಯಾದವರು ಅಥವಾ ವಿಚ್ಛೇದಿತರಾದವರು, ಅಂಗವಿಕಲ ಮಹಿಳೆಯರು ಮುಂತಾದ ಕೆಲವು ವರ್ಗಗಳಿಗೆ ಮಾತ್ರ. 24 ವಾರ ದಾಟಿದರೆ ಭ್ರೂಣಕ್ಕೆ ಗಂಭೀರ ನ್ಯೂನತೆ ಇದೆಯೆಂದು ವೈದ್ಯಕೀಯ ಮಂಡಳಿ ಹೇಳಬೇಕು. ಗರ್ಭನಿರೋಧಕ ವಿಫಲವಾದ ಸಂದರ್ಭವನ್ನು ವಿವರಿಸುವಾಗ ಹಳೆಯ ಕಾಯ್ದೆ ‘ವಿವಾಹಿತ ಮಹಿಳೆ ಅಥವಾ ಆಕೆಯ ಪತಿ’ ಎಂದಿತ್ತು. ಅದು ‘ಮಹಿಳೆ ಅಥವಾ ಆಕೆಯ ಸಂಗಾತಿ’ ಎಂದಾಯಿತು. ಗೋಪ್ಯತೆ ಮುರಿದವರಿಗೆ ಒಂದು ವರ್ಷದವರೆಗೆ ಜೈಲು ಶಿಕ್ಷೆ ಎಂಬ ನಿಯಮವೂ ಸೇರಿತು.

ಒಂದೇ ನ್ಯಾಯಾಲಯ, ಎರಡು ಉತ್ತರ

ಅಮೆರಿಕದ ಸುಪ್ರೀಂ ಕೋರ್ಟ್ 2022ರ ಜೂನ್ 24ರಂದು ಗರ್ಭಪಾತದ ಸಾಂವಿಧಾನಿಕ ಹಕ್ಕನ್ನು ರದ್ದುಪಡಿಸಿತು. ಮೂರೇ ತಿಂಗಳಲ್ಲಿ, ಸೆಪ್ಟೆಂಬರ್ 29ರಂದು, ನಮ್ಮ ಸುಪ್ರೀಂ ಕೋರ್ಟ್ ವಿರುದ್ಧ ದಿಕ್ಕಿನ ತೀರ್ಪು ನೀಡಿತು. 25 ವರ್ಷದ ಅವಿವಾಹಿತೆಯೊಬ್ಬರು ಸಂಬಂಧ ಮುರಿದುಬಿದ್ದ ನಂತರ ಗರ್ಭಪಾತಕ್ಕೆ ಅನುಮತಿ ಕೋರಿದ್ದರು. 20 ವಾರ ಮೀರಿದ ಅವಿವಾಹಿತೆ ಯಾವ ವರ್ಗಕ್ಕೂ ಸೇರುವುದಿಲ್ಲ ಎಂದು ದೆಹಲಿ ಹೈಕೋರ್ಟ್ ಅರ್ಜಿಯನ್ನು ನಿರಾಕರಿಸಿತ್ತು. ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್, ಕೊಡಗಿನವರಾದ ನ್ಯಾಯಮೂರ್ತಿ ಎ.ಎಸ್. ಬೋಪಣ್ಣ ಹಾಗೂ ನ್ಯಾಯಮೂರ್ತಿ ಜೆ.ಬಿ. ಪಾರ್ದಿವಾಲಾ ಅವರ ಪೀಠ ಅದನ್ನು ಒಪ್ಪಲಿಲ್ಲ. ವಿವಾಹಿತೆ, ಅವಿವಾಹಿತೆ ಎಂಬ ಭೇದ ಸಂವಿಧಾನಬಾಹಿರ ಎಂದಿತು. ಗಂಡನ ಬಲಾತ್ಕಾರದಿಂದ ಉಂಟಾದ ಗರ್ಭವನ್ನೂ ಈ ಕಾಯ್ದೆಯ ಮಟ್ಟಿಗೆ ಅತ್ಯಾಚಾರದ ವ್ಯಾಪ್ತಿಗೆ ಸೇರಿಸಿತು. ಕಾನೂನಿನಲ್ಲಿಲ್ಲದ ಷರತ್ತುಗಳನ್ನು ವೈದ್ಯರು ಹಾಕಬಾರದೆಂದೂ ಹೇಳಿತು.

ಒಂದು ವರ್ಷದ ಬಳಿಕ ಅದೇ ನ್ಯಾಯಾಲಯದ ಮುಂದೆ 27 ವರ್ಷದ ವಿವಾಹಿತೆಯೊಬ್ಬರು ನಿಂತರು. ಎರಡು ಮಕ್ಕಳ ತಾಯಿ. ಎರಡನೆಯ ಮಗುವಿಗೆ ಹಾಲೂಡಿಸುತ್ತಿದ್ದ ಕಾಲದಲ್ಲಿ ಮುಟ್ಟು ನಿಂತಿದ್ದರಿಂದ ಮತ್ತೆ ಗರ್ಭಿಣಿಯಾದದ್ದು ತಿಳಿದಿರಲಿಲ್ಲ. ಹೆರಿಗೆಯ ನಂತರದ ಮಾನಸಿಕ ಕಾಯಿಲೆಗೆ ಔಷಧ ಸೇವಿಸುತ್ತಿದ್ದರು. 2023ರ ಅಕ್ಟೋಬರ್ 9ರಂದು ಅನುಮತಿ ದೊರೆಯಿತು. ಮಗು ಬದುಕುವ ಸಾಧ್ಯತೆಯಿದೆ ಎಂದು ವೈದ್ಯರು ತಿಳಿಸಿದ ಮೇಲೆ ಅದೇ ಪೀಠದ ಇಬ್ಬರು ನ್ಯಾಯಮೂರ್ತಿಗಳಲ್ಲಿ ಭಿನ್ನಾಭಿಪ್ರಾಯ ಮೂಡಿತು. ಮಹಿಳೆ ಪ್ರಮಾಣಪತ್ರ ಸಲ್ಲಿಸಿ ಖಚಿತಪಡಿಸಿದ ತೀರ್ಮಾನವನ್ನು ಗೌರವಿಸಬೇಕೆಂದು ಕರ್ನಾಟಕದವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಹೇಳಿದರು. ನ್ಯಾಯಮೂರ್ತಿ ಹಿಮಾ ಕೊಹ್ಲಿ ಒಪ್ಪಲಿಲ್ಲ. ಅಕ್ಟೋಬರ್ 16ರಂದು ತ್ರಿಸದಸ್ಯ ಪೀಠ ಅನುಮತಿ ನಿರಾಕರಿಸಿತು. 26 ವಾರ ದಾಟಿದೆ, ಭ್ರೂಣಕ್ಕೆ ನ್ಯೂನತೆಯಿಲ್ಲ, ತಾಯಿಯ ಜೀವಕ್ಕೆ ತತ್‌ಕ್ಷಣದ ಅಪಾಯವಿಲ್ಲ ಎಂಬುದು ಕಾರಣ.

ಬದುಕಬಲ್ಲ ಭ್ರೂಣದ ಪ್ರಶ್ನೆ ಸುಲಭದ್ದಲ್ಲ. ಅದನ್ನು ಅಲ್ಲಗಳೆಯುವುದು ಪ್ರಾಮಾಣಿಕತೆಯಾಗದು. ಆದರೆ ಒಬ್ಬ ಮಹಿಳೆಯ ಅಹವಾಲನ್ನು ಒಂದೇ ವಾರದಲ್ಲಿ ಒಪ್ಪಿ, ತಡೆದು, ತಿರಸ್ಕರಿಸಿದ ಈ ಪ್ರಕ್ರಿಯೆ ಒಂದನ್ನಂತೂ ತೋರಿಸಿತು. ಸಂತಾನದ ಆಯ್ಕೆ ವೈಯಕ್ತಿಕ ಸ್ವಾತಂತ್ರ್ಯದ ಭಾಗವೆಂದು 2009ರಲ್ಲೇ ಸುಪ್ರೀಂ ಕೋರ್ಟ್ ಹೇಳಿದ್ದರೂ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಅರ್ಜಿಯ ಮೇಲೆ 2017ರಲ್ಲಿ ಖಾಸಗಿತನ ಮೂಲಭೂತ ಹಕ್ಕೆಂದು ಸಾರಿದ್ದರೂ, ಕಾಯ್ದೆಯ ಅಕ್ಷರ ಬದಲಾಗದ ಹೊರತು ಆ ಹಕ್ಕು ಯಾವ ಪೀಠದ ಮುಂದೆ ಹೇಗೆ ಓದಿಕೊಳ್ಳುತ್ತದೆಂದು ಹೇಳಲಾಗದು.

ಔಷಧದಂಗಡಿಯ ಕಿಟಕಿ

ಇವೆಲ್ಲ ಕೋರ್ಟಿನವರೆಗೆ ಹೋಗಬಲ್ಲವರ ಕಥೆ. ಬಹುಪಾಲು ಹೆಂಗಸರ ವಾಸ್ತವ ಬೇರೆ. ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವೊಂದು 2015ರಲ್ಲಿ ಭಾರತದಲ್ಲಿ ಸುಮಾರು 1.56 ಕೋಟಿ ಗರ್ಭಪಾತಗಳು ನಡೆದವೆಂದು ಅಂದಾಜಿಸಿತು. ಇವುಗಳಲ್ಲಿ ಆಸ್ಪತ್ರೆಗಳಲ್ಲಿ ನಡೆದವು ಶೇ 22 ಮಾತ್ರ. ಶೇ 73ರಷ್ಟು ಪ್ರಕರಣಗಳಲ್ಲಿ ಹೆಂಗಸರು ಆಸ್ಪತ್ರೆಯ ಹೊರಗೆ ಪಡೆದ ಮಾತ್ರೆಗಳನ್ನು ನುಂಗಿದ್ದರು. ಉಳಿದ ಶೇ 5ರಷ್ಟು ಇತರ ಅಸುರಕ್ಷಿತ ವಿಧಾನಗಳು.

ಕಾನೂನುಬದ್ಧವಾದ ಸೇವೆಯನ್ನು ಬಿಟ್ಟು ಇಷ್ಟೊಂದು ಹೆಂಗಸರು ಔಷಧದಂಗಡಿಯ ಕಿಟಕಿಗೆ ಹೋಗುವುದು ಏಕೆ? ಅಲ್ಲಿ ಪ್ರಶ್ನೆಗಳು ಕಡಿಮೆ. ಆಸ್ಪತ್ರೆಯಲ್ಲಾದರೆ ಮೊದಲ ಪ್ರಶ್ನೆ ‘ಗಂಡ ಎಲ್ಲಿ?’ ಎಂಬುದು. ಹದಿನೆಂಟು ತುಂಬಿದ ಮಹಿಳೆಯ ಗರ್ಭಪಾತಕ್ಕೆ ಆಕೆಯೊಬ್ಬಳ ಸಹಿ ಸಾಕು ಎಂದು ಕಾಯ್ದೆ ಸ್ಪಷ್ಟವಾಗಿ ಹೇಳುತ್ತದೆ. ಗಂಡನ, ಅತ್ತೆಯ, ತಂದೆಯ ಸಹಿ ಕೇಳುವ ಅಧಿಕಾರ ಯಾರಿಗೂ ಇಲ್ಲ. ಆದರೂ ಮುಂದೆ ತಕರಾರು ಬಂದೀತೆಂಬ ಅಂಜಿಕೆಯಿಂದ ಆಸ್ಪತ್ರೆಗಳು ಕೇಳುತ್ತವೆ. ಮದುವೆಯಾಗದವಳಾದರೆ ಸಹಿಯ ಜೊತೆ ಉಪದೇಶವೂ ಉಂಟು. ಊರಿನ ಆಸ್ಪತ್ರೆಯಲ್ಲಿ ಪರಿಚಯದವರ ಕಣ್ಣಿಗೆ ಬೀಳುವ ಭಯ, ದೂರದ ಊರಿಗೆ ಹೋದರೆ ದಿನಗೂಲಿಯ ನಷ್ಟ. ಹೀಗೆ ವಾರಗಳು ಉರುಳುತ್ತವೆ. ತಡವಾಗಿ ಬರುವ ಅನೇಕರು ನಿಜಕ್ಕೂ ತಡಮಾಡಿದವರಲ್ಲ, ತಡೆಯಲ್ಪಟ್ಟವರು.

ಇನ್ನು ಬೇಡದ ಗರ್ಭವನ್ನು ತಪ್ಪಿಸುವ ಹೊಣೆಯನ್ನು ನೋಡಿ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ವಿವಾಹಿತ ಮಹಿಳೆಯರಲ್ಲಿ ಶೇ 37.9 ಮಂದಿ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದಾರೆ. ಪುರುಷರ ಪಾಲು ಶೇ 0.3. ಕರ್ನಾಟಕದಲ್ಲಿ ಆಪರೇಷನ್ ಮಾಡಿಸಿಕೊಂಡ ವಿವಾಹಿತ ಮಹಿಳೆಯರು ಅರ್ಧಕ್ಕಿಂತ ಹೆಚ್ಚು. ಹೆರುವುದು, ತಡೆಯುವುದು, ತಡೆ ವಿಫಲವಾದರೆ ನೋವು ತಿನ್ನುವುದು ಎಲ್ಲವೂ ಆಕೆಯ ಪಾಲಿಗೆ. ಸಹಿಗೆ ಮಾತ್ರ ಗಂಡ ಬೇಕು.

ಆಲೆಮನೆಯ ಎಚ್ಚರಿಕೆ

ಮಂಡ್ಯದ ಜಾಲ ಮೂರು ವರ್ಷಗಳಲ್ಲಿ ಸುಮಾರು 900 ಹೆಣ್ಣುಭ್ರೂಣಗಳ ಹತ್ಯೆ ನಡೆಸಿದೆ ಎಂಬುದು ಪೊಲೀಸರ ಆರೋಪ. ಪ್ರಕರಣ ಸಿಐಡಿಗೆ ಹೋಯಿತು. 2024ರ ಮೇ ತಿಂಗಳಲ್ಲಿ ಅದೇ ಜಿಲ್ಲೆಯ ಪಾಂಡವಪುರದಲ್ಲಿ ಆರೋಗ್ಯ ಇಲಾಖೆಯ ವಸತಿಗೃಹದಲ್ಲೇ ಇಂಥ ಇನ್ನೊಂದು ಪ್ರಕರಣ ಪತ್ತೆಯಾಯಿತು. ಭ್ರೂಣಲಿಂಗ ಪತ್ತೆಯನ್ನು ನಿಷೇಧಿಸಿದ ಕಾಯ್ದೆ ಬಂದದ್ದು 1994ರಲ್ಲಿ. 2011ರ ಜನಗಣತಿಯಲ್ಲಿ ಕರ್ನಾಟಕದ ಆರು ವರ್ಷದೊಳಗಿನ ಮಕ್ಕಳಲ್ಲಿ ಸಾವಿರ ಗಂಡುಮಕ್ಕಳಿಗೆ 948 ಹೆಣ್ಣುಮಕ್ಕಳಿದ್ದರು.

ಹೆಣ್ಣೆಂಬ ಕಾರಣಕ್ಕೆ ನಡೆಯುವ ಗರ್ಭಪಾತವನ್ನು ‘ಆಯ್ಕೆ’ ಎಂದು ಕರೆಯಲಾಗದು. ನಮ್ಮ ಹಳ್ಳಿಗಳ ಮಾತಿನಲ್ಲೇ ಇದಕ್ಕೆ ಸಾಕ್ಷಿಯಿದೆ. ‘ತೆಗೆಸಿಬಿಟ್ಟರು’ ಎನ್ನುತ್ತಾರೆ. ‘ತೆಗೆಸಿಕೊಂಡಳು’ ಎನ್ನುವುದು ಅಪರೂಪ. ಮನೆಯವರು ದುಡ್ಡು ಹೊಂದಿಸುತ್ತಾರೆ, ಮಧ್ಯವರ್ತಿ ವಾಹನ ತರುತ್ತಾನೆ, ಆಕೆ ಹತ್ತಿ ಕೂರುತ್ತಾಳೆ. ಮೂರನೆಯದೂ ಹೆಣ್ಣಾದರೆ ಮನೆಯಲ್ಲಿ ತನ್ನ ಸ್ಥಾನವೇನು ಎಂಬ ಭಯದಲ್ಲಿ ಆಕೆಯೇ ‘ಹೂಂ’ ಎಂದಿದ್ದರೂ ಅದು ಸ್ವತಂತ್ರ ತೀರ್ಮಾನವಲ್ಲ.

ಆದರೆ ಇಂಥ ಪ್ರಕರಣ ಹೊರಬಿದ್ದಾಗಲೆಲ್ಲ ಆಡಳಿತ ಮಾಡುವ ಮೊದಲ ಕೆಲಸ ಗರ್ಭಪಾತವನ್ನೇ ಸಂಶಯದಿಂದ ನೋಡುವುದು. ಗರ್ಭಪಾತದ ಮಾತ್ರೆಗಳನ್ನು ಕೊಡಬಹುದಾದದ್ದು ಒಂಬತ್ತು ವಾರಗಳವರೆಗೆ ಮಾತ್ರ. ಸಾಮಾನ್ಯ ಸ್ಕ್ಯಾನಿಂಗ್‌ನಲ್ಲಿ ಭ್ರೂಣದ ಲಿಂಗ ತಿಳಿಯುವುದು ಅದಕ್ಕಿಂತ ವಾರಗಳ ನಂತರ. ಹಾಗಿದ್ದರೂ ಲಿಂಗಪತ್ತೆ ತಡೆಯುವ ಹೆಸರಿನಲ್ಲಿ ಮಾತ್ರೆಗಳ ಮೇಲೆ ಕಣ್ಣಿಟ್ಟ ರಾಜ್ಯಗಳಲ್ಲಿ ಔಷಧ ವ್ಯಾಪಾರಿಗಳು ತಪಾಸಣೆಯ ಉಸಾಬರಿಯೇ ಬೇಡವೆಂದು ಅವನ್ನು ಇಡುವುದನ್ನೇ ಬಿಟ್ಟದ್ದನ್ನು ಸಮೀಕ್ಷೆಗಳು ಗುರುತಿಸಿವೆ. ಅಪರಾಧ ನಡೆದದ್ದು ಸ್ಕ್ಯಾನಿಂಗ್ ಯಂತ್ರದ ಬಳಿ, ಬೀಗ ಬಿದ್ದದ್ದು ಬೇರೆಯೇ ಬಾಗಿಲಿಗೆ.

ಆಗಬೇಕಾದದ್ದೇನು?

ಎರಡು ಕಾಯ್ದೆಗಳ ಗುರಿ ಬೇರೆ ಬೇರೆ ಎಂಬುದನ್ನು ತಪಾಸಣೆಗೆ ಹೋಗುವ ಪ್ರತಿ ಅಧಿಕಾರಿಯೂ ಅರಿಯಬೇಕು. ಲಿಂಗಪತ್ತೆ ತಡೆಯಬೇಕಾದದ್ದು ಸ್ಕ್ಯಾನಿಂಗ್ ಕೇಂದ್ರಗಳಲ್ಲಿ, ಯಂತ್ರಗಳ ಲೆಕ್ಕದಲ್ಲಿ. ವಯಸ್ಕ ಮಹಿಳೆಯ ಸಹಿಯೊಂದೇ ಸಾಕೆಂಬ ನಿಯಮವನ್ನು ಆಸ್ಪತ್ರೆಗಳ ಗೋಡೆಯ ಮೇಲೆ ಕನ್ನಡದಲ್ಲಿ ಬರೆಸಲು ಹೊಸ ಕಾನೂನು ಬೇಕಿಲ್ಲ, ಒಂದು ಸುತ್ತೋಲೆ ಸಾಕು. ಮೊದಲ ವಾರಗಳಲ್ಲಾದರೂ ಗರ್ಭಪಾತವನ್ನು ಕಾರಣ ಕೇಳದೆ ನೀಡುವ ಹಕ್ಕಾಗಿಸುವ ಕೆಲಸ ಸಂಸತ್ತಿನದು. ಮೊದಲ ವಾರಗಳ ದಾರಿ ಸುಗಮವಾದಷ್ಟೂ 26ನೇ ವಾರದ ಕಠಿಣ ಪ್ರಶ್ನೆಗಳು ಕಡಿಮೆಯಾಗುತ್ತವೆ.

ಗರ್ಭಪಾತವನ್ನು ಯಾರೂ ಸಂಭ್ರಮದಿಂದ ಮಾಡಿಸಿಕೊಳ್ಳುವುದಿಲ್ಲ. ಕೆಲವರಿಗೆ ಅದು ದುಃಖ, ಕೆಲವರಿಗೆ ಬಿಡುಗಡೆ, ಹಲವರಿಗೆ ಎರಡೂ. ಯಾವುದೆಂದು ಹೇಳಬಲ್ಲವಳು ಆಕೆಯೊಬ್ಬಳೇ. ಗಾಲ್ವೇಯಲ್ಲಿ ಆಕೆ ‘ಬೇಕು’ ಎಂದಾಗ ಕೇಳಿಸಿಕೊಳ್ಳಲಿಲ್ಲ. ಮಂಡ್ಯದಲ್ಲಿ ‘ಬೇಡ’ ಎನ್ನಲು ಅವಕಾಶವಿತ್ತೇ ಎಂದು ಯಾರೂ ವಿಚಾರಿಸಲಿಲ್ಲ. ಇವೆರಡನ್ನೂ ಒಟ್ಟಿಗೆ ಸರಿಪಡಿಸಬಲ್ಲ ಸುಧಾರಣೆ ಒಂದೇ: ಅರ್ಜಿಯ ಕೆಳಗಿನ ಸಹಿ ಯಾರದೋ ತೀರ್ಮಾನವೂ ಅವರದೇ ಆಗುವಂತೆ ನೋಡಿಕೊಳ್ಳುವುದು.